ದೊಡ್ಡ ಪೆಟ್ಟಾದ ಮೇಲೆ ಮತ್ತೆ ಭಾರ ಎತ್ತುವ ಧೈರ್ಯ: ಎರಡೂವರೆ ಕೆಜಿಯ ಲೆಕ್ಕ

2022ರ ಆಗಸ್ಟ್. ಆಶ್ಲೇಷ ಮಳೆ ಹೊಯ್ಯುತ್ತಿತ್ತು. ಶಿರಸಿಯಲ್ಲಿ ನಾನು ಹೋಗುವ ಜಿಮ್ ಮೊದಲು ಅಡಿಕೆ ಗೋದಾಮಾಗಿತ್ತು. ಚಿರೆಕಲ್ಲಿನ ಗೋಡೆ, ಮೇಲೆ ತಗಡು. ಮಳೆ ಜೋರಾದರೆ ಪಕ್ಕದವರು ಮಾತಾಡಿದ್ದೂ ಕೇಳುವುದಿಲ್ಲ. ನನ್ನ ಹೆಗಲ ಮೇಲೆ 92.5 ಕೆಜಿ ಇತ್ತು. ಎರಡನೇ ಸ್ಕ್ವಾಟ್‌ಗೆ ಕೂತು ಏಳುವಾಗ ಎಡ ಮೊಣಕಾಲಿನಲ್ಲಿ ಒಂದು ಸದ್ದಾಯಿತು. ಒಣ ಅಡಿಕೆ ಮರದ ದಬ್ಬೆ ಸೀಳುವಾಗ ಬರುತ್ತದಲ್ಲ, ಅಂಥ ಸದ್ದು. ಅಷ್ಟು ಮಳೆಯಲ್ಲೂ ನನಗೆ ಕೇಳಿತು. ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ, ಬಾರ್ (ತೂಕದ ಪ್ಲೇಟು ಹಾಕುವ ಕಬ್ಬಿಣದ ಸರಳು) ಹಿಂದೆ ಬಿದ್ದು ಉರುಳುತ್ತಿತ್ತು.

ಮೊಣಕಾಲ ಚಿಪ್ಪನ್ನು ಕೆಳಗಿನ ಎಲುಬಿಗೆ ಹಿಡಿದಿಡುವ ಟೆಂಡನ್ ಪೂರ್ತಿ ಹರಿದಿತ್ತು. ಚಿಪ್ಪು ಮೇಲಕ್ಕೆ ಸರಿದಿತ್ತು. ಮಲಗಿದಲ್ಲಿಂದ ಕಾಲನ್ನು ನೇರವಾಗಿ ಎತ್ತಲು ಆಗುತ್ತಿರಲಿಲ್ಲ. ಅದಕ್ಕೂ ಮೊದಲು ನಾಲ್ಕೈದು ತಿಂಗಳು ಅಲ್ಲೇ ನೋಯುತ್ತಿತ್ತು, ಎಣ್ಣೆ ತಿಕ್ಕಿಕೊಂಡು ಎತ್ತುತ್ತಿದ್ದೆ. ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡೆ. ಆರು ವಾರ ಕಾಲು ನೇರ ಇಟ್ಟು ಬ್ರೇಸ್. ಆಮೇಲೆ ತಿಂಗಳುಗಟ್ಟಲೆ ಫಿಸಿಯೋ.

ಒಂಬತ್ತನೇ ತಿಂಗಳಲ್ಲಿ ಫಿಸಿಯೋ ಹೇಳಿದರು, ಕಾಲು ತಯಾರಿದೆ ಅಂತ. ಎಡತೊಡೆಯ ಶಕ್ತಿ ಬಲತೊಡೆಯ ಶೇ 90 ದಾಟಿತ್ತು. ನಾನು ಜಿಮ್ಮಿಗೆ ಹೋಗಿ ಖಾಲಿ ಬಾರ್ ಹೆಗಲಿಗೆ ಹಾಕಿಕೊಂಡೆ. ಬರೀ 20 ಕೆಜಿ. ಮೊಣಕಾಲು ಮಡಿಯಲೇ ಇಲ್ಲ. ನೋವು ಒಂಚೂರೂ ಇರಲಿಲ್ಲ. ಕೈ ತಣ್ಣಗಾಗಿತ್ತು, ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಬಾರ್ ವಾಪಸ್ ಇಟ್ಟು ಮನೆಗೆ ಬಂದೆ.

ಕಾಲು ಸರಿಯಾಗಿದೆ, ಆದರೆ ತಲೆ ಒಪ್ಪುತ್ತಿಲ್ಲ. ಇದನ್ನು ಬರೆಯುತ್ತಿರುವುದು ಆ ಜಾಗದಲ್ಲಿ ಸಿಕ್ಕಿಕೊಂಡವರಿಗಾಗಿ. ಅಲ್ಲಿಂದ ಮತ್ತೆ 92.5ಕ್ಕೆ ಬರಲು ನನಗೆ ಹನ್ನೊಂದು ತಿಂಗಳು ಬೇಕಾಯಿತು. ಈ ಹನ್ನೊಂದು ತಿಂಗಳಲ್ಲಿ ನನಗೆ ಗೊತ್ತಾದದ್ದು ಒಂದೇ. ಧೈರ್ಯ ಬಂದ ಮೇಲೆ ಎತ್ತುತ್ತೇನೆ ಅಂತ ಕಾದರೆ ಅದು ಬರುವುದಿಲ್ಲ. ಏನೂ ಆಗದೆ ಮುಗಿದ ರೆಪ್‌ಗಳು (ಒಂದು ಸಲ ಕೂತು ಎದ್ದರೆ ಒಂದು ರೆಪ್) ನೂರಾರು ಸೇರಬೇಕು. ಧೈರ್ಯ ಅವುಗಳ ಹಿಂದೆ ಬರುತ್ತದೆ, ನಿಧಾನಕ್ಕೆ.

ಮೊದಲು ಡಾಕ್ಟರ್ ಮಾತು

ಆಪರೇಷನ್ ಮಾಡಿದವರು ಅಥವಾ ಫಿಸಿಯೋ 'ಇನ್ನು ಭಾರ ಎತ್ತಬಹುದು' ಎಂದು ಬಾಯಿಬಿಟ್ಟು ಹೇಳಿರಬೇಕು. ಅಲ್ಲಿಯವರೆಗೆ ನಿಮ್ಮ ಭಯ ಸರಿಯಾಗೇ ಇದೆ, ಅದರ ಮಾತು ಕೇಳಿ. ಮೊಣಕಾಲು ಊದಿಕೊಳ್ಳುತ್ತಿದ್ದರೆ, ನಡೆಯುವಾಗ ಕುಸಿಯುತ್ತಿದ್ದರೆ, ಮಡಿಸಿದಲ್ಲೇ ಸಿಕ್ಕಿಹಾಕಿಕೊಂಡರೆ, ಬೆನ್ನಿನ ಪೆಟ್ಟಾಗಿದ್ದು ಕಾಲಿನಲ್ಲಿ ಜೋಮು ಅಥವಾ ಬಲ ಕಡಿಮೆಯಾಗಿದ್ದರೆ, ಇದನ್ನು ಓದುವುದು ಬಿಟ್ಟು ಅವರ ಹತ್ತಿರ ಹೋಗಿ.

ಎಲ್ಲ ಸರಿ ಎಂದ ಮೇಲೂ ಉಳಿಯುವ ಭಯಕ್ಕೆ ಫಿಸಿಯೋಗಳು ಕೈನೀಸಿಯೋಫೋಬಿಯಾ ಎನ್ನುತ್ತಾರೆ. ಅಲ್ಲಾಡಿದರೆ ಮತ್ತೆ ಪೆಟ್ಟಾಗುತ್ತದೆ ಎಂಬ ಹೆದರಿಕೆ. ಅದನ್ನು ಅಳೆಯಲು ಟ್ಯಾಂಪಾ ಸ್ಕೇಲ್ ಎಂದು 17 ಪ್ರಶ್ನೆಗಳ ಒಂದು ಹಾಳೆ ಇದೆ. ಅಂಕ 17ರಿಂದ 68ರವರೆಗೆ, ಜಾಸ್ತಿ ಬಂದಷ್ಟೂ ಭಯ ಜಾಸ್ತಿ. ನನ್ನದು 49 ಬಂತು. ಆ ಹಾಳೆ ನೋಡಿ ನನಗೆ ಸಮಾಧಾನವಾಯಿತು. ಹೆಸರಿದೆ, ಅಳತೆ ಇದೆ ಅಂದಮೇಲೆ ಇದು ನನ್ನೊಬ್ಬಳಿಗೇ ಆದದ್ದಲ್ಲ, ಅಲ್ವಾ?

ಈ ಭಯಕ್ಕೆ ಒಂದು ಸುತ್ತು ಇದೆ. ಹೆದರಿ ಎತ್ತುವುದು ಬಿಡುತ್ತೇವೆ. ಬಿಟ್ಟರೆ ಸ್ನಾಯು ಸೊರಗುತ್ತದೆ. ಸೊರಗಿದ ಕಾಲು ನಡುಗುತ್ತದೆ. ನಡುಗಿದ್ದು ನೋಡಿ ಇನ್ನೂ ಹೆದರುತ್ತೇವೆ. ಸುಮ್ನೆ ಕೂತು ಯೋಚನೆ ಮಾಡಿದರೆ ಈ ಸುತ್ತು ಬಿಡಿಸಿಕೊಳ್ಳುವುದಿಲ್ಲ. ಎಲ್ಲೋ ಒಂದು ಕಡೆ ಸಣ್ಣ ಭಾರ ಎತ್ತಿಯೇ ಅದನ್ನು ಕತ್ತರಿಸಬೇಕು.

ಭಯ ಎಲ್ಲಿದೆ ಅಂತ ಹುಡುಕಿ

'ನಂಗೆ ಸ್ಕ್ವಾಟ್ ಅಂದ್ರೆ ಭಯ' ಎಂದರೆ ಏನೂ ಮಾಡಲು ಆಗುವುದಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಇನ್ನೂ ಹತ್ತಿರದಿಂದ ನೋಡಿ. ಯಾವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ? ಬಾರ್ ಎತ್ತಿಕೊಳ್ಳುವಾಗಲೋ, ಹಿಂದೆ ಹೆಜ್ಜೆ ಇಡುವಾಗಲೋ, ಪೂರ್ತಿ ಕೂತಾಗಲೋ? ಎಷ್ಟನೇ ರೆಪ್? ಎಷ್ಟು ಭಾರ?

ನನಗೆ ಇಳಿಯುವಾಗ ಏನೂ ಆಗುತ್ತಿರಲಿಲ್ಲ. ತಳದಿಂದ ಏಳುವ ಮೊದಲ ನಾಲ್ಕು ಇಂಚು ಮಾತ್ರ. ಎರಡನೇ ರೆಪ್‌ನಲ್ಲಿ ಜಾಸ್ತಿ, ಯಾಕೆಂದರೆ ಹರಿದದ್ದು ಎರಡನೇ ರೆಪ್‌ನಲ್ಲಿ. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಬಾರ್‌ನ ಎರಡೂ ಕಡೆ 20ರ ಒಂದೊಂದು ಪ್ಲೇಟ್ ಹಾಕಿದರೆ ಒಟ್ಟು 60 ಕೆಜಿ. ಅದರ ಬದಲು ಒಂದೊಂದು ಕಡೆಗೆ 10ರ ಎರಡೆರಡು ಪ್ಲೇಟ್ ಹಾಕಿದರೂ 60 ಕೆಜಿಯೇ. ಮೊದಲನೆಯದಕ್ಕೆ ನನ್ನ ಭಯ ಹತ್ತಕ್ಕೆ ಆರು, ಎರಡನೆಯದಕ್ಕೆ ಮೂರು. ಭಾರ ಒಂದೇ! ನನ್ನ ಭಯಕ್ಕೆ ಕಿಲೋ ಗೊತ್ತಿರಲಿಲ್ಲ, ದೊಡ್ಡ ಪ್ಲೇಟು ಬಾರ್‌ಗೆ ತಾಗುವಾಗಿನ ಠಣ್ ಶಬ್ದ ಗೊತ್ತಿತ್ತು. ಹಾಗಾಗಿ ಎರಡು ತಿಂಗಳು ಸಣ್ಣ ಪ್ಲೇಟುಗಳಲ್ಲೇ ನಡೆಸಿದೆ. ಆಮೇಲೆ ಒಂದು ದಿನ ದೊಡ್ಡ ಪ್ಲೇಟು ಹಾಕಿ, ಒಟ್ಟು ಭಾರ ಅಷ್ಟೇ ಇಟ್ಟು ಎತ್ತಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನು ನೆನಪಿಟ್ಟುಕೊಳ್ಳಿ.

ಬೀಳಿಸುವುದನ್ನು ಮೊದಲು ಕಲಿಯಿರಿ

ಎಲ್ಲಕ್ಕಿಂತ ಹೆಚ್ಚು ನನ್ನ ಕೈಹಿಡಿದದ್ದು ಇದು. ಬೇಕಂತಲೇ ಎತ್ತದೆ ಬಿಡುವುದು.

ಪೆಟ್ಟಾದ ದಿನ ನನ್ನ ಹಿಂದೆ ಯಾರೂ ಇರಲಿಲ್ಲ. ರ‍್ಯಾಕ್‌ಗೆ ಸೇಫ್ಟಿ ಪಿನ್, ಅಂದರೆ ಬಾರ್ ಕೆಳಗೆ ಬಿದ್ದರೆ ತಡೆಯುವ ತೋಳು, ಇರಲಿಲ್ಲ, ಬರೀ ಸ್ಟ್ಯಾಂಡ್. ಎಷ್ಟೋ ಸಣ್ಣ ಜಿಮ್‌ಗಳಲ್ಲಿ ಹೀಗೇ ಇದೆ. ನಾನು ಮತ್ತೆ ಶುರು ಮಾಡುವ ಮೊದಲು ಜಿಮ್ ಅಣ್ಣನ ಹತ್ತಿರ ಮಾತಾಡಿದೆ. ವೆಲ್ಡಿಂಗ್ ಅಂಗಡಿಯವರನ್ನು ಕರೆಸಿ ಅಳತೆ ಕೊಟ್ಟು ಎರಡು ಗಟ್ಟಿ ತೋಳು ಮಾಡಿಸಿದೆವು, ಎತ್ತರ ಬದಲಿಸಲು ತೂತು ಸಮೇತ. 92.5 ಹಾಕಿ, ಮೇಲಿನಿಂದ ಮೆಲ್ಲಗೆ ಇಳಿಸಿ ನೋಡಿದೆವು. ತಡೆಯಿತು.

ಪಿನ್ ಎತ್ತರ ಮುಖ್ಯ. ಖಾಲಿ ಬಾರ್ ಹೊತ್ತು ನೀವು ಎಷ್ಟು ಆಳಕ್ಕೆ ಕೂರುತ್ತೀರೋ ಅಷ್ಟು ಕೂತು, ಅಲ್ಲಿ ಬಾರ್ ಇರುವ ಜಾಗಕ್ಕಿಂತ ಎರಡು ಬೆರಳು ಕೆಳಗೆ ಪಿನ್ ಬರುವ ಹಾಗೆ ಇಡಿ. ಮೇಲಿದ್ದರೆ ಪ್ರತಿ ಸಲ ತಾಗುತ್ತದೆ. ಜಾಸ್ತಿ ಕೆಳಗಿದ್ದರೆ ಇದ್ದೂ ಉಪಯೋಗವಿಲ್ಲ. ಕೈ ಬಾರ್ ಮೇಲೆ ಎಲ್ಲಿದೆ ಎಂದೂ ನೋಡಿಕೊಳ್ಳಿ. ಪಿನ್‌ಗೂ ಬಾರ್‌ಗೂ ನಡುವೆ ಬೆರಳು ಸಿಗಬಾರದು.

ಈಗ ಕೂತು, ಏಳದೆ, ಇನ್ನೆರಡು ಬೆರಳು ಇಳಿದು ಬಾರನ್ನು ಪಿನ್ ಮೇಲೆ ಕೂರಿಸಿ. ತಲೆ ಬಗ್ಗಿಸಿ ಮುಂದಕ್ಕೆ ನುಸುಳಿ ಹೊರಗೆ ಬನ್ನಿ. ಮೊದಲ ದಿನ ಖಾಲಿ ಬಾರ್‌ನಲ್ಲಿ ಹತ್ತು ಸಲ ಮಾಡಿದೆ. ಮೊದಲ ಮೂರು ಸಲ ಕಣ್ಣು ಮುಚ್ಚಿಕೊಂಡೆ. ಐದನೆಯ ಸಲ ಉಸಿರು ಸರಾಗವಾಯಿತು. ವಾರದ ನಂತರ 30 ಕೆಜಿಯಲ್ಲಿ ಐದು ಸಲ, ಆಮೇಲೆ 40ರಲ್ಲಿ. ಹೊಸ ಭಾರಕ್ಕೆ ಹೋದಾಗಲೆಲ್ಲ ಒಮ್ಮೆ ಹೀಗೆ ಇಳಿಸಿ ಬರುತ್ತಿದ್ದೆ. ಏಳಲು ಆಗದಿದ್ದರೆ ಏನು ಮಾಡಬೇಕು ಅಂತ ಮೈಗೆ ಗೊತ್ತಾದ ಮೇಲೆ ಮನಸ್ಸಿನ ಅರ್ಧ ಗಲಾಟೆ ನಿಂತುಹೋಯಿತು.

ಪಿನ್ ಮಾಡಿಸಲು ಆಗದಿದ್ದರೆ ಎರಡು ಬದಿಗೆ ಇಬ್ಬರನ್ನು ನಿಲ್ಲಿಸಿಕೊಳ್ಳಿ. ಯಾವಾಗ ಹಿಡಿಯಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಮಳೆಗಾಲಕ್ಕೆ ಕೂಗಿದರೆ ಕೇಳುವುದಿಲ್ಲ. ಅದಕ್ಕೆ, ಬಾರ್ ಏಳದೆ ನಿಂತಲ್ಲಿ ಮನಸ್ಸಲ್ಲೇ ಎರಡು ಎಣಿಸಿ ಹಿಡಿಯುವುದು ಎಂದು ಮಾಡಿಕೊಂಡಿದ್ದೆವು.

ಭಾರ ಏರಿಸುವ ಲೆಕ್ಕ

ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಸೆಟ್‌ಗೆ (ಒಂದೇ ಸಮನೆ ಮಾಡುವ ಕೆಲವು ರೆಪ್ ಸೇರಿ ಒಂದು ಸೆಟ್) ಎರಡು ಅಂಕಿ. ನೋವು ಹತ್ತಕ್ಕೆ ಎಷ್ಟು, ಭಯ ಹತ್ತಕ್ಕೆ ಎಷ್ಟು. ಇವೆರಡನ್ನೂ ಬೇರೆ ಬೇರೆ ಬರೆಯುವುದೇ ದೊಡ್ಡ ಅಭ್ಯಾಸ. ಮೊದಮೊದಲು ಎರಡೂ ಕಲಸಿಹೋಗಿರುತ್ತವೆ. ಬರೆಯುತ್ತಾ ಹೋದಂತೆ 'ಇವತ್ತು ನೋವು 1, ಭಯ 7' ಎಂದು ಕಾಣತೊಡಗುತ್ತದೆ.

ನೋವು 3ರವರೆಗೆ ಇದ್ದರೆ ಮುಂದುವರಿಸುತ್ತಿದ್ದೆ. 4 ಅಥವಾ 5 ಆದರೆ ಅವತ್ತು ಭಾರ ಏರಿಸುತ್ತಿರಲಿಲ್ಲ. ಅದಕ್ಕಿಂತ ಜಾಸ್ತಿಯಾದರೆ ನಿಲ್ಲಿಸಿ ಇಳಿಸುತ್ತಿದ್ದೆ. ಮಾರನೇ ಬೆಳಗ್ಗೆ ಏಳುತ್ತಲೇ ಟೇಪ್ ಹಿಡಿದು ಚಿಪ್ಪಿನ ಮಧ್ಯಕ್ಕೆ ಸುತ್ತಳತೆ ನೋಡುತ್ತಿದ್ದೆ. ನನ್ನ ಮಾಮೂಲು ಅಳತೆ 37 ಸೆಂ.ಮೀ. ಒಂದು ಸೆಂ.ಮೀ. ಜಾಸ್ತಿ ಬಂದರೆ ಹಿಂದಿನ ದಿನದ ಕೆಲಸ ಅತಿಯಾಯಿತು ಎಂದು ಅರ್ಥ. ಮುಂದಿನ ಸಲ ಹಗುರ. ಈ ಟೇಪಿನ ಮೇಲೆ ನನಗೆ ತುಂಬ ನಂಬಿಕೆ. ತಲೆ ಏನು ಬೇಕಾದರೂ ಹೇಳಬಹುದು, ಟೇಪ್ 37 ಅಂದರೆ 37.

ಭಯಕ್ಕೂ ಒಂದು ನಿಯಮ ಇಟ್ಟುಕೊಂಡೆ. ಒಂದೇ ಭಾರದಲ್ಲಿ ಮೂರು ದಿನ ಸತತವಾಗಿ ಭಯ 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ 2.5 ಕೆಜಿ ಸೇರಿಸುವುದು. ಬಾರದಿದ್ದರೆ ಅದೇ ಭಾರದಲ್ಲಿ ಇನ್ನೊಂದು ಸೆಟ್ ಜಾಸ್ತಿ. ಜಿಮ್ಮಿನಲ್ಲಿ 1.25ರ ಪ್ಲೇಟ್ ಇರಲಿಲ್ಲ, ಒಂದು ಜೊತೆ ನಾನೇ ಕೊಂಡು ಚೀಲದಲ್ಲಿ ಇಟ್ಟುಕೊಂಡು ಓಡಾಡಿದೆ. ಒಂದೊಂದು ಸೆಟ್ ಮುಗಿದಾಗಲೂ ಇನ್ನೂ ಮೂರು ನಾಲ್ಕು ರೆಪ್ ಎತ್ತುವ ಶಕ್ತಿ ಉಳಿದಿರಬೇಕು. ಕಾಲು ನಡುಗುವವರೆಗೆ ಎತ್ತುವ ಕಾಲ ಇದಲ್ಲ.

ಆಳಕ್ಕೂ ಹೀಗೇ ಮೆಟ್ಟಿಲು ಮಾಡಿಕೊಳ್ಳಿ. ಒಂದು ಗಟ್ಟಿ ಬೆಂಚಿನ ಮೇಲೆ ರಬ್ಬರ್ ಮ್ಯಾಟ್ ಒಂದರ ಮೇಲೊಂದು ಇಟ್ಟು, ಅದರ ಮೇಲೆ ಮೆಲ್ಲಗೆ ಕೂತು ಏಳುತ್ತಿದ್ದೆ. ಎರಡು ವಾರಕ್ಕೆ ಒಂದು ಮ್ಯಾಟ್ ತೆಗೆಯುವುದು. ಕೊನೆಗೆ ಬೆಂಚೂ ಬೇಡವಾಯಿತು. ಮೊಬೈಲಿನಲ್ಲಿ ಹಿಂದಿನಿಂದ ವಿಡಿಯೋ ಮಾಡಿ ನೋಡಿಕೊಳ್ಳಿ. ನಾನು ಗೊತ್ತಿಲ್ಲದೇ ಬಲಗಾಲಿಗೆ ವಾಲುತ್ತಿದ್ದೆ. ಮನೆಯಲ್ಲಿ ತೂಕದ ಯಂತ್ರ ಎರಡು ಇಟ್ಟು, ಒಂದೊಂದರ ಮೇಲೆ ಒಂದು ಕಾಲಿಟ್ಟು, ಭಾರವಿಲ್ಲದೆ ಅರ್ಧ ಕೂತು ನೋಡಿದೆ. ಎಡಕ್ಕೆ 25, ಬಲಕ್ಕೆ 36. ಎರಡೂ ಸಮ ಬರುವವರೆಗೆ ದಿನಾ ಹಲ್ಲುಜ್ಜುವ ಮೊದಲು ಐದು ನಿಮಿಷ ಅದನ್ನೇ ಮಾಡಿದೆ.

ಬೆನ್ನಿಗೆ ಪೆಟ್ಟಾಗಿ ಡೆಡ್‌ಲಿಫ್ಟ್‌ಗೆ (ನೆಲದ ಮೇಲಿನ ಬಾರ್ ಹಿಡಿದು ಎದ್ದು ನಿಲ್ಲುವುದು) ಹೆದರುವವರು ಬಾರನ್ನು ಮೊಣಕಾಲೆತ್ತರದ ಕಟ್ಟೆಯ ಮೇಲಿಟ್ಟು ಶುರು ಮಾಡಿ, ಒಂದೊಂದು ಇಂಚು ನೆಲದ ಕಡೆಗೆ ಇಳಿಸಬಹುದು. ಎದೆ ಅಥವಾ ಹೆಗಲಿನ ಪೆಟ್ಟಾದರೆ ನೆಲದ ಮೇಲೆ ಮಲಗಿ ಪ್ರೆಸ್ ಮಾಡುವುದು, ಅಂದರೆ ಭಾರವನ್ನು ಎದೆಯಿಂದ ಮೇಲಕ್ಕೆ ತಳ್ಳುವುದು, ಒಳ್ಳೆಯದು. ಮೊಣಕೈ ನೆಲಕ್ಕೆ ತಾಗಿ ಕೈ ಅಲ್ಲೇ ನಿಲ್ಲುತ್ತದೆ, ಕೆಳಗೆ ಜಾಸ್ತಿ ಎಳೆಯುವುದಿಲ್ಲ.

ದಬ್ಬೆಯ ಸದ್ದು

ನವೆಂಬರ್ 2023. ಆಗ ನಾನು 60 ಕೆಜಿಗೆ ಬಂದಿದ್ದೆ. ಚೆನ್ನಾಗಿ ನಡೆಯುತ್ತಿತ್ತು.

ನಮ್ಮ ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ. ಮಳೆಗಾಲ ಮುಗಿದ ಮೇಲೆ ಅಪ್ಪ ಕಾಲುಸಂಕ ಹೊಸದಾಗಿ ಹಾಕುತ್ತಾರೆ. ಆ ಭಾನುವಾರ ಒಣಗಿದ ಅಡಿಕೆ ಮರ ಉದ್ದಕ್ಕೆ ಸೀಳುತ್ತಿದ್ದರು. ನಾನು ಚಹಾ ಹಿಡಿದುಕೊಂಡು ಅಲ್ಲಿಗೆ ಹೋದೆ. ಅವರು ಬೆಣೆ ಹೊಡೆದರು. ಮರ ಬಾಯಿ ಬಿಟ್ಟಿತು. ಅದೇ ಸದ್ದು! ಲೋಟ ಕೈಯಿಂದ ಬಿತ್ತು. ನಾನು ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಸರಲ್ಲೇ ಕೂತುಬಿಟ್ಟೆ. ಹದಿನೈದು ತಿಂಗಳ ಹಿಂದಿನ ಮಳೆ, ತಗಡಿನ ಸದ್ದು, ಕಬ್ಬಿಣದ ವಾಸನೆ ಎಲ್ಲ ಒಮ್ಮೆಲೇ ವಾಪಸ್ ಬಂತು.

ಅಪ್ಪ ಏನೂ ಕೇಳಲಿಲ್ಲ. ಪಕ್ಕದಲ್ಲಿ ಬಂದು ಕೂತರು. ನಾನೇ ಹೇಳಿದೆ, ಸದ್ದು ಹೀಗೇ ಇತ್ತು ಅಂತ. ಸ್ವಲ್ಪ ಹೊತ್ತಾದ ಮೇಲೆ ಬೆಣೆ, ಕೊಡಲಿ ನನ್ನ ಕಡೆ ಚಾಚಿದರು. "ತಗ, ನೀನೇ ಸೀಳು."

ಮೊದಲ ಪೆಟ್ಟಿಗೆ ಕಣ್ಣು ಮುಚ್ಚಿಕೊಂಡೆ. ಸೀಳು ಬಿಡುವಾಗ ಕಾಲು ಜುಂ ಎಂದಿತು. ಎರಡನೆಯದಕ್ಕೂ ಹಾಗೇ. ಎಂಟು ಹತ್ತು ಆದ ಮೇಲೆ ಮರದ ನಾರು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಅಂತ ನೋಡತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಅದು ಬರೀ ದಬ್ಬೆಯ ಸದ್ದಾಗಿತ್ತು.

ಸಂಜೆ ಸಂಕ ಹಾಸಿಯಾಯಿತು. ಅಪ್ಪ ಮೊದಲು ಪಕ್ಕದ ಬಳ್ಳಿ ಹಿಡಿದು ಒಂದು ಕಾಲಿಂದ ಒತ್ತಿದರು. ಆಮೇಲೆ ಬರಿಗೈಯಲ್ಲಿ ಮೂರು ಸಲ ದಾಟಿದರು. ಆಮೇಲೆ ಒಂದು ಬುಟ್ಟಿ ಗೊಬ್ಬರ. ಅಡಿಕೆ ಗೊನೆ ಹೊತ್ತುಕೊಂಡು ಅವರು ಅದರ ಮೇಲೆ ಬಂದದ್ದು ಮುಂದಿನ ವಾರ. ತಾವೇ ಹಾಸಿದ ಸಂಕ, ಮರ ಗಟ್ಟಿ ಎಂದು ಗೊತ್ತು. ಆದರೂ ದಾಟಿ ದಾಟಿಯೇ ನಂಬುತ್ತಾರೆ. ಅದನ್ನು ನೋಡಿದ ಮೇಲೆ ನನ್ನ ನಿಧಾನದ ಬಗ್ಗೆ ನನಗಿದ್ದ ನಾಚಿಕೆ ಹೋಯಿತು.

ಮಾರನೇ ದಿನ ಜಿಮ್ಮಿನಲ್ಲಿ 60ಕ್ಕೆ ಭಯ ಮತ್ತೆ 7 ಬಂತು. ಇಂಥ ದಿನ ನಿಮಗೂ ಬರುತ್ತದೆ. ಆಗ ಭಾರವನ್ನು ಹತ್ತಿಪ್ಪತ್ತು ಕೆಜಿ ಇಳಿಸಿ, ಆದರೆ ಒಂದಾದರೂ ಒಳ್ಳೆಯ ಸೆಟ್ ಮಾಡದೆ ಮನೆಗೆ ಹೋಗಬೇಡಿ. ಹೆದರಿದ ಗಳಿಗೆಯಲ್ಲೇ ಎದ್ದು ಹೋದರೆ, ಓಡಿಹೋದದ್ದಕ್ಕೇ ಬಚಾವಾದೆ ಎಂದು ಮೈ ಕಲಿಯುತ್ತದೆ. ನಾನು 45ರಲ್ಲಿ ಐದು ರೆಪ್ ಮಾಡಿ ಹೋದೆ. ಎರಡು ವಾರದಲ್ಲಿ 60 ಮತ್ತೆ ಸಿಕ್ಕಿತು.

ಬಾರ್ ಮುಂದೆ ನಿಂತಾಗ

ಪ್ರತಿ ಸಲ ಒಂದೇ ಕ್ರಮ ಇರಲಿ. ಖಾಲಿ ಬಾರ್‌ಗೂ ಅದೇ, 90ಕ್ಕೂ ಅದೇ. ನನ್ನದು ಹೀಗೆ: ಬಾರ್‌ನ ತುಕ್ಕನ್ನು ಬಟ್ಟೆಯಿಂದ ಒರೆಸುವುದು (ಮಳೆಗಾಲದಲ್ಲಿ ಶಿರಸಿಯ ಹವೆಗೆ ಎರಡೇ ದಿನದಲ್ಲಿ ತುಕ್ಕು), ಕೈಗೆ ಚಾಕ್, ಬಾರ್ ಕೆಳಗೆ ಹೋಗಿ ಬೆನ್ನು ಬಿಗಿ, ಎರಡು ಹೆಜ್ಜೆ ಹಿಂದೆ. ಎದುರಿನ ಚಿರೆಕಲ್ಲಿನಲ್ಲಿ ಒಂದು ತೂತಿದೆ, ಕಣ್ಣು ಅಲ್ಲಿ. ಹೊಟ್ಟೆ ತುಂಬ ಉಸಿರು. ಕೂರು. ಈ ಕೆಲಸಗಳನ್ನು ಎಣಿಸುತ್ತಾ ಇದ್ದರೆ ಬೇರೆ ಯೋಚನೆಗೆ ಜಾಗ ಕಡಿಮೆ.

ರಾತ್ರಿ ಮಲಗಿದಾಗ ಹರಿದ ಗಳಿಗೆ ತಾನಾಗೇ ಕಣ್ಣ ಮುಂದೆ ಬರುತ್ತಿತ್ತು. ತಡೆಯಲು ನೋಡಿದರೆ ಇನ್ನೂ ಜಾಸ್ತಿ. ಆಮೇಲೆ ಅದನ್ನು ಅಲ್ಲೇ ನಿಲ್ಲಿಸದೆ ಮುಂದೆ ಓಡಿಸುವುದು ಅಭ್ಯಾಸ ಮಾಡಿದೆ. ಪಿನ್ ಮೇಲೆ ಬಾರ್ ಇಳಿಸಿದೆ, ನುಸುಳಿ ಹೊರಗೆ ಬಂದೆ, ನೀರು ಕುಡಿದೆ. ಅಲ್ಲಿಗೆ ಮುಗಿಸುತ್ತಿದ್ದೆ. ಹಗಲು ನಿಜವಾಗಿ ಮಾಡಿದ್ದನ್ನೇ ರಾತ್ರಿ ನೋಡುವುದರಿಂದ ಅದು ಹಿಡಿದು ನಿಂತಿತು.

ಸುತ್ತಲಿನವರ ಬಗ್ಗೆ ಒಂದು ಮಾತು. ಆಯಿ ಪ್ರತಿ ಸಲ ಕೇಳುತ್ತಿದ್ದರು, "ಎಂತಕ್ಕೆ ಬೇಕೇ ಇದೆಲ್ಲ ನಿಂಗೆ?" ಅವರ ಹೆದರಿಕೆಗೆ ಸಿಟ್ಟಾಗಬೇಡಿ. ಒಂದು ದಿನ ಕರೆದುಕೊಂಡು ಹೋಗಿ ಪಿನ್ ತೋರಿಸಿದೆ, ಬಾರ್ ಇಳಿಸಿ ಹೊರಗೆ ಬಂದು ತೋರಿಸಿದೆ. ಅವತ್ತಿಂದ ಕೇಳುವುದು ಕಡಿಮೆಯಾಯಿತು. ಜಿಮ್ಮಿನಲ್ಲಿ 'ಇನ್ನೊಂದು, ಇನ್ನೊಂದು' ಎಂದು ಕೂಗುವವರಿಗೆ ಮೊದಲೇ ಹೇಳಿ, ಸದ್ಯಕ್ಕೆ ಬೇಡ ಅಂತ. ಜೊತೆಗೆ ಒಬ್ಬರೇ ಸಾಕು, ನಿಮ್ಮ ನೋಟ್‌ಬುಕ್ ಓದಿದವರು.

ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಬಗ್ಗೆ ನಾನು ತುಂಬ ಯೋಚಿಸುತ್ತಿದ್ದೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನ (ಬಾರನ್ನು ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವುದು) ಮೂರೂ ಯತ್ನ ವಿಫಲವಾಗಿ ಅವರಿಗೆ ಒಟ್ಟು ತೂಕದ ಲೆಕ್ಕವೇ ಸಿಗಲಿಲ್ಲ. 2018ರಲ್ಲಿ ಬೆನ್ನಿನ ತೊಂದರೆಯಿಂದ ಏಷ್ಯನ್ ಗೇಮ್ಸ್ ತಪ್ಪಿತು. 2021ರಲ್ಲಿ ಟೋಕಿಯೋದಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 202 ಕೆಜಿ ಎತ್ತಿ ಬೆಳ್ಳಿ ತಂದರು. ಆ ನಡುವಿನ ವರ್ಷಗಳಲ್ಲಿ ಯಾರೂ ನೋಡದೆ ಎಷ್ಟು ಹಗುರ ಬಾರ್ ಎತ್ತಿರಬೇಕು ಅಂತ ಅನ್ನಿಸುತ್ತಿತ್ತು.

92.5

ಹಳೇ ಭಾರಕ್ಕೆ ತಾರೀಕು ಇಟ್ಟುಕೊಳ್ಳಬೇಡಿ. ನಾನು 2024ರ ಮಾರ್ಚ್ ಜಾತ್ರೆಗೆ ಮೊದಲು ಎತ್ತಲೇಬೇಕು ಎಂದುಕೊಂಡಿದ್ದೆ. ಫೆಬ್ರವರಿಯಿಡೀ ಭಯದ ಅಂಕಿ ಏರಿತು. ಬಿಟ್ಟೆ. ಜಾತ್ರೆಯಲ್ಲಿ ಮಾರಿಕಾಂಬೆ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕೂತಿದ್ದಾಗ ಊರಿಡೀ ರಸ್ತೆಯಲ್ಲಿತ್ತು, ಜಿಮ್ ಬಾಗಿಲು ಹಾಕಿತ್ತು. ಒಂಬತ್ತು ದಿನ ಬಾರ್ ಮುಟ್ಟದೆ ಜನರ ನಡುವೆ ನಡೆದಾಡಿದೆ. ಮೊಣಕಾಲಿನ ನೆನಪೇ ಬರದೆ ಎಷ್ಟೋ ಹೊತ್ತು ಹೋಗಿತ್ತು ಎಂದು ಮನೆಗೆ ಬಂದ ಮೇಲೆ ಗೊತ್ತಾಯಿತು. ವಾಪಸ್ ಹೋದಾಗ 80ರಿಂದ ಮತ್ತೆ ಶುರು ಮಾಡಿದೆ, ಅದೇ ನಿಯಮ, ಅದೇ ಎರಡೂವರೆ ಕೆಜಿ.

ಏಪ್ರಿಲ್ ಕೊನೆಯ ವಾರ 90ಕ್ಕೆ ಮೂರು ದಿನ ಭಯ 3 ಬಂತು. ನಿಯಮದ ಪ್ರಕಾರ ಮುಂದಿನದು 92.5. ಒಂದು ರೆಪ್ ಎತ್ತಿದೆ, ನಿಂತು ಉಸಿರು ತೆಗೆದುಕೊಂಡೆ, ಎರಡನೆಯದಕ್ಕೆ ಕೂತೆ. ನೋಟ್‌ಬುಕ್ಕಿನಲ್ಲಿ ಅವತ್ತಿನ ಸಾಲು ಹೀಗಿದೆ: 92.5 ಕೆಜಿ, 2 ರೆಪ್. ನೋವು 1. ಭಯ 4, ಎದ್ದ ಮೇಲೆ 2. ಮಾರನೇ ಬೆಳಗ್ಗೆ ಟೇಪ್ 37.